ಮಂಡಿಪೇಟೆ, ಚೌಕಿಪೇಟೆಯ ವರ್ತಕರಿಗೆ ಒಂದು ಬಹಿರಂಗ ಪತ್ರ

ದಾವಣಗೆರೆಯ ವರ್ತಕ ಬಂಧುಗಳೇ,

ದೀಪಾವಳಿ ಹತ್ತಿರ ಬಂದಾಗ, ಮತ್ತೆ ಮದುವೆ ಸೀಸನ್ ಶುರುವಾಗುವ ಮುಂಚೆ, ಕ್ಯಾಮೆರಾ ಕೂರಿಸುವ ನಮ್ಮಂಥವರಿಗೆ ನಿಮ್ಮ ಅಂಗಡಿಗಳಿಂದ ಫೋನು ಬರುತ್ತದೆ. ಎಲ್ಲರೂ ಕೇಳುವುದು ಒಂದೇ: 'ಎಂಟು ಕ್ಯಾಮೆರಾ ಸೆಟ್ಟಿಗೆ ಎಷ್ಟಾಗುತ್ತೆ?' ಗಲ್ಲಾ ತುಂಬುವ ದಿನಗಳಲ್ಲಿ ಈ ಆತುರ ಸಹಜವೇ. ಆದರೂ ಆ ಪ್ರಶ್ನೆಗೆ ನೇರವಾಗಿ ದರ ಹೇಳಿಬಿಡಲು ನನಗೆ ಮನಸ್ಸು ಬಾರದು. ಕಳವಾದ ಮೇಲೆ ನಿಮ್ಮ ಪಕ್ಕ ಟಿವಿ ಮುಂದೆ ಕೂತು, ಹಿಂದೆ ಮುಂದೆ ಓಡಿಸಿ, 'ಮುಖಾನೇ ಕಾಣ್ತಿಲ್ವಲ್ಲ' ಎಂಬ ಸಂಕಟದ ಮಾತು ಕೇಳಿಸಿಕೊಳ್ಳುವವರೂ ನಾವೇ. ಕ್ಯಾಮೆರಾ ಇರುತ್ತದೆ, ರೆಕಾರ್ಡಿಂಗೂ ಇರುತ್ತದೆ, ಬೇಕಾದದ್ದು ಮಾತ್ರ ಅದರಲ್ಲಿ ಇರುವುದಿಲ್ಲ. ದುಡ್ಡು ಕೊಡುವ ಮುಂಚೆ ಅರ್ಧ ದಿನ ಯೋಚಿಸಿದ್ದರೆ ತಪ್ಪಿಸಬಹುದಾದ ನಷ್ಟ ಅದು. ಆ ಅರ್ಧ ದಿನದಲ್ಲಿ ಏನೇನು ಯೋಚಿಸಬೇಕು ಎಂದು ಹೇಳುವುದಕ್ಕೇ ಈ ಪತ್ರ.

ಮೊದಲು ನಮ್ಮ ಜಿಲ್ಲೆಯದೇ ಸಂಗತಿ. 2024ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಬ್ಯಾಂಕ್ ಶಾಖೆಯೊಂದಕ್ಕೆ ನುಗ್ಗಿದವರು ಜನ ಅಡವಿಟ್ಟಿದ್ದ 17 ಕಿಲೋಗೂ ಹೆಚ್ಚು ಚಿನ್ನ ದೋಚಿದರು. ಹೋಗುವಾಗ ಖಾರದ ಪುಡಿ ಚೆಲ್ಲಿದರು, ಸಿಸಿಟಿವಿಯ ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋದರು. ಆರೋಪಿಗಳು ಸಿಕ್ಕಿದ್ದು 2025ರ ಮಾರ್ಚ್ ಕೊನೆಗೆ. ಚಿನ್ನ ದೊರೆತದ್ದು ದೂರದ ತಮಿಳುನಾಡಿನ ಒಂದು ಬಾವಿಯಲ್ಲಿ. ಆ ಐದು ತಿಂಗಳು ಪೊಲೀಸರು ಎಷ್ಟು ಬೆವರು ಹರಿಸಿದರೋ! ಕಳ್ಳರಿಗೆ ಡಿವಿಆರ್ ಎಲ್ಲಿರುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ನಮ್ಮ ಪೇಟೆಯ ಬಹುಪಾಲು ಅಂಗಡಿಗಳಲ್ಲಿ ಅದು ಗಲ್ಲಾದ ಕೆಳಗೆ ಇಲ್ಲವೇ ಟಿವಿಯ ಹಿಂದೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಮಿಣುಕುತ್ತಿರುತ್ತದೆ. ದಯವಿಟ್ಟು ಅದನ್ನು ಅಲ್ಲಿಂದ ತೆಗೆಸಿ. ಮೇಲಿನ ಅಟ್ಟವೋ, ಬೀಗ ಹಾಕುವ ಗೋಡೌನೋ, ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಪೆಟ್ಟಿಗೆಯೋ ಆಗಲಿ. ಗಾಳಿಯಾಡುವ ಜಾಗವಾಗಿರಬೇಕು, ಅಷ್ಟೇ. ಗಲ್ಲಾ ಮತ್ತು ಬಾಗಿಲಿನ ಎರಡು ಕ್ಯಾಮೆರಾಗಳ ರೆಕಾರ್ಡಿಂಗಾದರೂ ಇನ್ನೊಂದು ಕಡೆ, ಇಂಟರ್ನೆಟ್ ಮೂಲಕ ಅಂಗಡಿಯ ಹೊರಗೆ, ಉಳಿಯುವಂತೆ ಮಾಡಿಸಿ.

ಕ್ಯಾಮೆರಾ ಇದ್ದರೆ ಸಾಕು, ಯಾರೂ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆಯ ಬಗ್ಗೆಯೂ ಒಂದು ಮಾತು. 2013ರ ನವೆಂಬರ್ 19ರ ಬೆಳಿಗ್ಗೆ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಎಟಿಎಂನಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಮಚ್ಚು ಬೀಸಿದ ದೃಶ್ಯವನ್ನು ಇಡೀ ಕರ್ನಾಟಕ ನೋಡಿತು. ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು. ಆದರೆ ಅಲ್ಲಿ ಕಾವಲುಗಾರ ಇರಲಿಲ್ಲ, ಶಟರನ್ನು ಒಳಗಿನಿಂದ ಎಳೆದುಕೊಂಡವನನ್ನು ತಡೆಯುವವರೂ ಇರಲಿಲ್ಲ. ಮುಖ ಅಷ್ಟು ಸ್ಪಷ್ಟವಾಗಿದ್ದರೂ ಆರೋಪಿ ಸಿಕ್ಕಿದ್ದು 2017ರಲ್ಲಿ. ನಡೆದದ್ದನ್ನು ಹೇಳುವುದಷ್ಟೇ ಕ್ಯಾಮೆರಾದ ಕೆಲಸ. ಗಟ್ಟಿ ಶಟರು, ಒಳ್ಳೆಯ ಸೆಂಟ್ರಲ್ ಲಾಕು, ರಾತ್ರಿಯಿಡೀ ಉರಿಯುವ ಒಂದು ದೀಪ, ಕೂಗಿದರೆ ಬರುವ ಗೂರ್ಖಾ, ಇವುಗಳ ಖರ್ಚು ಉಳಿಸಿ ಆ ದುಡ್ಡನ್ನು ಕ್ಯಾಮೆರಾಕ್ಕೆ ಹಾಕಬೇಡಿ. ಕ್ಯಾಮೆರಾ ಮಾರಿ ಬದುಕುವವನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಇನ್ನು ಕೆಲಸ ಹೇಗೆ ಶುರುಮಾಡಬೇಕು? ಒಂದು ಭಾನುವಾರ ಅಂಗಡಿ ಮುಚ್ಚಿರುವಾಗ ಒಂದು ಹಾಳೆಯ ಮೇಲೆ ಅಂಗಡಿಯ ನಕ್ಷೆ ಗೀಚಿಕೊಳ್ಳಿ. ಬಾಗಿಲು, ಗಲ್ಲಾ, ಸೀರೆ ತೋರಿಸುವ ಗಾದಿ, ಕಪಾಟುಗಳ ಸಾಲು, ಹಿಂಬಾಗಿಲು, ಮೆಟ್ಟಿಲು, ಮಾಲು ಇಳಿಸುವ ಜಾಗ. ಪ್ರತಿಯೊಂದರ ಪಕ್ಕದಲ್ಲೂ ಒಂದು ಪ್ರಶ್ನೆ ಬರೆಯಿರಿ. ಬಾಗಿಲಲ್ಲಿ: ಒಳಗೆ ಬಂದವರ, ಹೊರಗೆ ಹೋದವರ ಮುಖ ಗುರುತು ಸಿಗಬೇಕೇ? ಗಲ್ಲಾದಲ್ಲಿ: ಕೊಟ್ಟದ್ದು ಐನೂರರ ನೋಟೋ ಇನ್ನೂರರದ್ದೋ ಎಂದು ತಕರಾರು ಬಂದರೆ ಕೈ ಮತ್ತು ನೋಟು ಕಾಣಬೇಕೇ? ಗೋಡೌನಿನಲ್ಲಿ: ಹಮಾಲರು ಎಷ್ಟು ಬೇಲು ಇಳಿಸಿದರು ಎಂದು ಎಣಿಸಿದರೆ ಸಾಕೇ? ಅಂಗಡಿಯ ಹೊರಗೆ: ರಾತ್ರಿ ನಿಮ್ಮ ಯುಪಿಐ ಕ್ಯೂಆರ್ ಸ್ಟಿಕ್ಕರಿನ ಮೇಲೆ ಬೇರೆಯವರು ತಮ್ಮದನ್ನು ಅಂಟಿಸಿ ಹೋದರೆ ಗೊತ್ತಾಗಬೇಕೇ? ಈ ಪ್ರಶ್ನೆಗಳಿಗೆ ಒಂದೇ ಬಗೆಯ ಕ್ಯಾಮೆರಾ ಉತ್ತರ ಕೊಡುವುದಿಲ್ಲ. ಸೆಟ್ಟಿನ ದರ ಕೇಳಿದಾಗ ನಾವು ಕೊಡುವುದು ಮಾತ್ರ ಒಂದೇ ಬಗೆಯ ಎಂಟು ಕ್ಯಾಮೆರಾಗಳನ್ನು.

ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ. ಬೇಸರಪಡದೆ ಓದಿ, ಏಕೆಂದರೆ ಇಡೀ ವಿಷಯ ನಿಂತಿರುವುದು ಇದರ ಮೇಲೆ. ಸಾಮಾನ್ಯವಾಗಿ ಹಾಕುವ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 1,920 ಚುಕ್ಕೆಗಳದ್ದು. ಗುರುತಿಲ್ಲದ ಒಬ್ಬರ ಮುಖವನ್ನು ಖಚಿತವಾಗಿ ಗುರುತು ಹಿಡಿಯಲು ಒಂದು ಮೀಟರ್ ಅಗಲಕ್ಕೆ 250 ಚುಕ್ಕೆಗಳು ಬೇಕು ಎನ್ನುತ್ತದೆ ಈ ಕ್ಷೇತ್ರದ ಅಂತರರಾಷ್ಟ್ರೀಯ ಮಾನದಂಡ. ಪರಿಚಯದವರೇ ಹೌದೋ ಅಲ್ಲವೋ ಎಂದು ಹೇಳಲು ಅದರ ಅರ್ಧ, 125 ಸಾಕು. ಯಾರೋ ಇದ್ದಾರೆ ಎಂದಷ್ಟೇ ತಿಳಿಯಲು 25. ಈಗ 1,920ನ್ನು 250ರಿಂದ ಭಾಗಿಸಿ. ಚಿತ್ರದಲ್ಲಿ ಏಳೂವರೆ ಮೀಟರಿಗಿಂತ ಹೆಚ್ಚು ಅಗಲದ ಜಾಗ ಕಾಣುತ್ತಿದ್ದರೆ ಮುಖದ ಆಸೆ ಬಿಡಬೇಕು. ಎಲ್ಲರೂ ಹಾಕಿಸುವ 2.8 ಎಂಎಂ ಲೆನ್ಸ್ ಅಂಗಡಿಯ ಈ ಮೂಲೆಯಿಂದ ಆ ಮೂಲೆಯವರೆಗೆ ತೋರಿಸುತ್ತದೆ, ನೋಡಲು ಖುಷಿಯಾಗುತ್ತದೆ. ಆದರೆ ಅದು ಮುಖವನ್ನು ಉಳಿಸಿಕೊಡುವುದು ಸುಮಾರು 3 ಮೀಟರ್, ಅಂದರೆ 10 ಅಡಿಯವರೆಗೆ ಮಾತ್ರ. 6 ಎಂಎಂ ಲೆನ್ಸ್ ಹಾಕಿದರೆ ನೋಟ ಕಿರಿದಾಗುತ್ತದೆ, ಮುಖ ಏಳು ಮೀಟರಿನಾಚೆಗೂ ಸಿಗುತ್ತದೆ. ಆದ್ದರಿಂದ ಬಾಗಿಲಿಗೆ ಕಿರಿದಾದ ನೋಟದ ಒಂದು ಕ್ಯಾಮೆರಾ, ಒಳಗಿನ ಓಡಾಟಕ್ಕೆ ಅಗಲ ನೋಟದ್ದು ಒಂದೆರಡು. ಹೀಗೆ ಯೋಚಿಸಿ ಹಾಕಿದ ನಾಲ್ಕು ಕ್ಯಾಮೆರಾ, ಯೋಚಿಸದೆ ಹಾಕಿದ ಎಂಟಕ್ಕಿಂತ ಮೇಲು. ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಎತ್ತರದ ಪ್ರಶ್ನೆಯೂ ಅಷ್ಟೇ ಮುಖ್ಯ. ಯಾರ ಕೈಗೂ ಸಿಗಬಾರದೆಂದು ಕ್ಯಾಮೆರಾವನ್ನು ಸೂರಿಗೆ ಹತ್ತಿಸಿಬಿಟ್ಟರೆ ಅದಕ್ಕೆ ಕಾಣುವುದು ಟೋಪಿ, ಹೆಲ್ಮೆಟ್ಟು, ನೆತ್ತಿ. ಮುಖ ಬೇಕೆಂಬ ಕ್ಯಾಮೆರಾ ಏಳೆಂಟು ಅಡಿ ಎತ್ತರದಲ್ಲಿ, ಹೊರಗೆ ಹೋಗುವವರ ಎದುರಿಗೆ ಇರಲಿ. ಒಳಗೆ ಬರುವಾಗ ಜನ ತಲೆ ತಗ್ಗಿಸಿ ಚಪ್ಪಲಿ ಬಿಡುತ್ತಿರುತ್ತಾರೆ, ಹೊರಗೆ ಹೋಗುವಾಗ ಬೀದಿಯ ಕಡೆ ಮುಖ ಎತ್ತುತ್ತಾರೆ. ನಮ್ಮ ಅಂಗಡಿಗಳ ಇನ್ನೊಂದು ತೊಡಕು ಬಿಸಿಲು. ಮುಂಭಾಗವಿಡೀ ತೆರೆದ ಶಟರು, ಎದುರಿಗೆ ಮಧ್ಯಾಹ್ನದ ಬೆಳಕು. ಒಳಗಿನಿಂದ ಬಾಗಿಲ ಕಡೆ ತಿರುಗಿಸಿದ ಸಾದಾ ಕ್ಯಾಮೆರಾದಲ್ಲಿ ಬಂದವರೆಲ್ಲ ಕಪ್ಪು ನೆರಳುಗಳೇ. ಇಂಥ ಎದುರು ಬೆಳಕನ್ನು ಸರಿದೂಗಿಸುವ ಡಬ್ಲ್ಯೂಡಿಆರ್ ಇರುವ ಕ್ಯಾಮೆರಾ ಕೇಳಿ ಹಾಕಿಸಿ. ಪೆಟ್ಟಿಗೆಯ ಮೇಲೆ 120 ಡಿಬಿ ಎಂದು ಬರೆದಿದೆಯೇ ನೋಡಿಕೊಳ್ಳಿ. ಮಧ್ಯಾಹ್ನ ಎರಡಕ್ಕೊಮ್ಮೆ, ರಾತ್ರಿ ದೀಪ ಆರಿಸಿದ ಮೇಲೊಮ್ಮೆ, ನಿಮ್ಮ ಹುಡುಗನೊಬ್ಬನನ್ನು ಬಾಗಿಲಿನಿಂದ ನಡೆದುಬರಲು ಹೇಳಿ ಮೊಬೈಲಿನಲ್ಲಿ ನೋಡಿ. ಮುಖ ಕಾಣದಿದ್ದರೆ ಬಿಲ್ಲಿನ ಉಳಿಕೆ ಕೊಡಬೇಡಿ. ರಾತ್ರಿ ಕ್ಯಾಮೆರಾದ ಕೆಂಪು ಬೆಳಕಿಗೆ ಹುಳ ಮುತ್ತುತ್ತವೆ, ಹುಳ ಹುಡುಕಿ ಜೇಡ ಬಂದು ಬಲೆ ಕಟ್ಟುತ್ತದೆ. ವಾರಕ್ಕೊಮ್ಮೆ ಒರೆಸುವ ಕೆಲಸವನ್ನು ಒಬ್ಬರಿಗೆ ವಹಿಸಿ.

ಈಗ ಹಾರ್ಡ್ ಡಿಸ್ಕ್. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ಬರೆಯುತ್ತಾ ಹೋದರೆ ದಿನಕ್ಕೆ 21 ಜಿಬಿ ದಾಟುತ್ತದೆ. ಎಂಟು ಕ್ಯಾಮೆರಾಕ್ಕೆ 170 ಜಿಬಿ. ಸೆಟ್ಟಿನ ಜೊತೆ ಕೊಡುವ 1 ಟಿಬಿ ಡಿಸ್ಕ್ ಆರು ದಿನ ಮುಗಿಯುವುದರೊಳಗೆ ತುಂಬಿ, ಸ್ಲೇಟು ಒರೆಸಿ ಬರೆದಂತೆ ಹಳೆಯದರ ಮೇಲೆ ಹೊಸದನ್ನು ಬರೆಯಲು ಶುರುಮಾಡುತ್ತದೆ. ಸ್ಟಾಕ್ ಲೆಕ್ಕ ಮಾಡುವುದು ತಿಂಗಳ ಕೊನೆಗೆ. ಐದನೇ ತಾರೀಖು ಹೋದ ಬಂಡಲಿನ ಸುದ್ದಿ ಮೂವತ್ತಕ್ಕೆ ಗೊತ್ತಾದಾಗ ಡಿಸ್ಕಿನಲ್ಲಿ ಏನಿರುತ್ತದೆ? ಮೂವತ್ತು ದಿನ ಉಳಿಯಬೇಕಾದರೆ ಈ ಲೆಕ್ಕದಲ್ಲಿ 5 ಟಿಬಿಗೂ ಹೆಚ್ಚು ಬೇಕು. ಎಚ್.265 ಎಂಬ ವಿಧಾನದಲ್ಲಿ ಬರೆಯುವ ಯಂತ್ರ ತೆಗೆದುಕೊಂಡರೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕಂಪ್ಯೂಟರಿನ ಸಾದಾ ಡಿಸ್ಕ್ ಬೇಡ, ಹಗಲೂ ರಾತ್ರಿ ಬರೆಯಲೆಂದೇ ಮಾಡಿದ ಸರ್ವೇಲೆನ್ಸ್ ಡಿಸ್ಕ್ ಕೇಳಿ. ದೊಡ್ಡ ಮಳಿಗೆಯವರಿಗೆ ಇದು ಆಯ್ಕೆಯ ಮಾತೂ ಅಲ್ಲ. ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ, 2017ರ ಪ್ರಕಾರ ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸ್ಥಳದಲ್ಲಿ ಕ್ಯಾಮೆರಾ ಇರಬೇಕು, ರೆಕಾರ್ಡಿಂಗ್ 30 ದಿನ ಉಳಿಯಬೇಕು. ಹಬ್ಬದ ವಾರದಲ್ಲಿ ನಿಮ್ಮಲ್ಲಿ ಎಷ್ಟೋ ಅಂಗಡಿಗಳು ಈ ಸಂಖ್ಯೆ ಮುಟ್ಟುತ್ತವೆ.

ವೈರಿನ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ ವೈರು ಅಗ್ಗಕ್ಕೆ ಸಿಗುತ್ತದೆ. ಎರಡು ಮಳೆಗಾಲಕ್ಕೆ ಜಾಯಿಂಟು ಕೆಟ್ಟು ಚಿತ್ರ ನಡುಗುತ್ತದೆ. ಪೂರ್ತಿ ತಾಮ್ರದ್ದೇ ಹಾಕಿಸಿ, ಜಾಯಿಂಟುಗಳು ಜಂಕ್ಷನ್ ಬಾಕ್ಸಿನೊಳಗೆ ಇರಲಿ. ಡಿವಿಆರ್, ಕ್ಯಾಮೆರಾಗಳ ಪವರ್ ಸಪ್ಲೈ, ಇಂಟರ್ನೆಟ್ ರೂಟರ್ ಮೂರೂ ಯುಪಿಎಸ್ ಮೇಲೆ ಬರಬೇಕು, ಒಂದು ಬಿಟ್ಟರೂ ಕರೆಂಟು ಹೋದಾಗ ಉಪಯೋಗವಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಅರ್ಥಿಂಗ್ ಸರಿಯಿಲ್ಲದ ಕಡೆ ಒಂದೇ ಸಂಜೆಗೆ ಇಡೀ ಸೆಟ್ಟು ಸುಟ್ಟುಹೋಗುತ್ತದೆ.

ಪಾಸ್‌ವರ್ಡ್ ಮಾತ್ರ ಚಿಕ್ಕ ವಿಷಯವಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲೋಕದ ತುಂಬ ಕ್ಯಾಮೆರಾ, ಡಿವಿಆರ್‌ಗಳನ್ನು ವಶಮಾಡಿಕೊಂಡಿತು. ಅದು ಬಳಸಿದ್ದು ಕಂಪನಿಯವರೇ ಹಾಕಿಕೊಟ್ಟ, ಯಾರೂ ಬದಲಾಯಿಸದ ಅರವತ್ತು ಚಿಲ್ಲರೆ ಪಾಸ್‌ವರ್ಡ್‌ಗಳ ಪಟ್ಟಿಯನ್ನು. ಅದಕ್ಕಿಂತ ಹತ್ತಿರದ, ಅದಕ್ಕಿಂತ ನೋವಿನ ಸಂಗತಿ 2025ರ ಫೆಬ್ರುವರಿಯದ್ದು: ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾದಿಂದ, ಪರೀಕ್ಷೆಗೆ ಬಂದ ಹೆಣ್ಣುಮಕ್ಕಳ ದೃಶ್ಯಗಳು ಸೋರಿ ಅಂತರ್ಜಾಲದಲ್ಲಿ ಮಾರಾಟಕ್ಕೆ ಬಂದವು. ನೀವು ಮೊಬೈಲಿನಲ್ಲಿ ಅಂಗಡಿ ನೋಡಬಹುದೆಂದರೆ, ಬಾಗಿಲು ತೆರೆದಿಟ್ಟರೆ ಬೇರೆಯವರೂ ನೋಡಬಹುದು. ಕೆಲಸ ಮುಗಿದ ದಿನವೇ ಅಡ್ಮಿನ್ ಪಾಸ್‌ವರ್ಡನ್ನು ನೀವೇ ಬದಲಾಯಿಸಿ. ಕೂರಿಸಿದವನಿಗೂ ಹೇಳಬೇಡಿ, ನನಗೂ ಹೇಳಬೇಡಿ. ಸರ್ವಿಸಿಗೆ ಬಂದಾಗ ನೀವೇ ಟೈಪ್ ಮಾಡಿಕೊಡಿ. ಹೊಸ ಕ್ಯಾಮೆರಾ ಕೊಳ್ಳುವಾಗ ಬಿಐಎಸ್ ನೋಂದಣಿ ಗುರುತು ನೋಡಿ. 2025ರ ಏಪ್ರಿಲ್ 9ರಿಂದ ಕೇಂದ್ರ ಸರ್ಕಾರದ ಆದೇಶದಂತೆ ಕ್ಯಾಮೆರಾಗಳು ಭದ್ರತಾ ಪರೀಕ್ಷೆಯಲ್ಲೂ ಪಾಸಾಗಬೇಕು. ಗುರುತಿಲ್ಲದ ಹಳೆಯ ಸರಕು ಅರ್ಧ ಬೆಲೆಗೆ ಬಂದರೂ ಬೇಡ.

ಇನ್ನು ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಭಾರವಾಗಿರುವ ಮಾತು. ನಿಮ್ಮ ಕ್ಯಾಮೆರಾದ ಮುಂದೆ ದಿನವಿಡೀ ಇರುವವರು ಕಳ್ಳರಲ್ಲ, ನಿಮ್ಮ ಕೆಲಸದವರು ಮತ್ತು ನಿಮ್ಮನ್ನು ನಂಬಿ ಬಂದ ಗಿರಾಕಿಗಳು. 'ಬನ್ನಿ ಅಕ್ಕ, ಕೂತ್ಕೊಳ್ಳಿ' ಎಂದು ಕರೆದು ಸೀರೆ ಹಾಸುವ ಜಾಗದಲ್ಲಿ ಅವರ ಮಾನಕ್ಕೆ ಧಕ್ಕೆಯಾಗಬಾರದು. ಟ್ರಯಲ್ ರೂಮು, ಅದರ ಬಾಗಿಲಿನ ಒಳಭಾಗ ಕಾಣುವ ಕೋನ, ಅದನ್ನು ತೋರಿಸುವ ಎದುರಿನ ಕನ್ನಡಿ, ಶೌಚಾಲಯದ ದಾರಿ, ಹೆಣ್ಣುಮಕ್ಕಳು ಊಟಮಾಡಿ ಕೂಸಿಗೆ ಹಾಲೂಡಿಸುವ ಹಿಂದಿನ ಕೋಣೆ, ಇಲ್ಲೆಲ್ಲೂ ಕ್ಯಾಮೆರಾದ ಕಣ್ಣು ಬೀಳಕೂಡದು. 2015ರಲ್ಲಿ ಗೋವಾದ ಬಟ್ಟೆ ಮಳಿಗೆಯೊಂದರಲ್ಲಿ ಟ್ರಯಲ್ ರೂಮಿನ ಕಡೆ ಕ್ಯಾಮೆರಾ ತಿರುಗಿದೆ ಎಂದು ಕೇಂದ್ರ ಸಚಿವೆಯೊಬ್ಬರು ಆಕ್ಷೇಪಿಸಿದಾಗ ಪೊಲೀಸ್ ಪ್ರಕರಣ ದಾಖಲಾಗಿ ಸಿಬ್ಬಂದಿಯ ಬಂಧನವಾಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಇಂಥ ಚಿತ್ರ ತೆಗೆಯುವುದಕ್ಕೆ, ಹಂಚುವುದಕ್ಕೆ ಮೂರು ವರ್ಷದವರೆಗೆ ಸೆರೆವಾಸವಿದೆ. ಕಾನೂನಿನ ಭಯಕ್ಕಿಂತ ದೊಡ್ಡದು ವಿಶ್ವಾಸ. ಒಂದು ಮನೆಯ ಮೂರು ತಲೆಮಾರು ಮದುವೆ ಜವಳಿಗೆ ನಿಮ್ಮಲ್ಲಿಗೇ ಬರುವುದು ಅದರಿಂದ.

ಕೆಲಸದವರ ವಿಷಯ. ಮಾಲೀಕರು ಮನೆಯಲ್ಲಿ ಕೂತು ಮೊಬೈಲಿನಲ್ಲಿ ಅಂಗಡಿ ನೋಡಿ, 'ಯಾಕೆ ಕೂತಿದೀಯಾ, ಏಳು' ಎಂದು ಫೋನಾಯಿಸುವುದನ್ನು ನಾನು ಕೆಲಸಕ್ಕೆ ಹೋದ ಕಡೆಯೆಲ್ಲ ಕೇಳುತ್ತೇನೆ. ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತೇ ಇರುವ ಹುಡುಗಿಯರು ಅವರು. ಕೇರಳದ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕೂತುಕೊಳ್ಳುವ ಹಕ್ಕಿಗಾಗಿಯೇ ಹೋರಾಡಿದರು. 2018ರಲ್ಲಿ ಅಲ್ಲಿಯ ಕಾನೂನು ಬದಲಾಯಿತು, 2021ರಲ್ಲಿ ತಮಿಳುನಾಡೂ ಅದನ್ನು ಅನುಸರಿಸಿತು. ಕಳವು ಹಿಡಿಯಲು ಹಾಕಿಸಿದ ಕ್ಯಾಮೆರಾವನ್ನು ಯಾರು ಎಷ್ಟು ಹೊತ್ತು ಕೂತರು ಎಂದು ಎಣಿಸಲು ಬಳಸುವುದು ಅನ್ಯಾಯ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ನಮ್ಮ ನೆಲದ ಹಿರಿಯರೊಬ್ಬರು ಇಳಿವಯಸ್ಸಿನಲ್ಲಿ ಕೋರ್ಟು ಹತ್ತಿ ದೇಶಕ್ಕೆ ಗಳಿಸಿಕೊಟ್ಟ ಹಕ್ಕು ನಮ್ಮ ಪೇಟೆಯಲ್ಲೂ ಇರಲಿ. ಬಾಗಿಲಲ್ಲಿ 'ಇಲ್ಲಿ ಕ್ಯಾಮೆರಾ ಇದೆ' ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಎಲ್ಲೆಲ್ಲಿ ಇದೆ, ರೆಕಾರ್ಡಿಂಗ್ ಯಾರು ನೋಡಬಹುದು, ಎಷ್ಟು ದಿನ ಇರುತ್ತದೆ ಎಂದು ಕೆಲಸದವರನ್ನು ಕೂರಿಸಿಕೊಂಡು ಹೇಳಿ. ಧ್ವನಿ ರೆಕಾರ್ಡ್ ಮಾಡುವ ಮೈಕು ಆಫ್ ಮಾಡಿಸಿ.

ಕಳವು ನಡೆದೇಬಿಟ್ಟರೆ? ಮೊದಲು ಡಿವಿಆರ್‌ನ ಗಡಿಯಾರ ನೋಡಿ, ನಿಜವಾದ ಸಮಯಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಬರೆದಿಟ್ಟುಕೊಳ್ಳಿ. ಕೋರ್ಟಿನಲ್ಲಿ ಹತ್ತು ನಿಮಿಷದ ವ್ಯತ್ಯಾಸವೂ ಸಾಕ್ಷ್ಯವನ್ನು ಅಲುಗಾಡಿಸುತ್ತದೆ. ಟಿವಿ ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿ ಸುಮ್ಮನಾಗಬೇಡಿ, ಮೂಲ ಫೈಲನ್ನೇ ಪೆನ್‌ಡ್ರೈವಿಗೆ ಇಳಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ನಕಲಿನ ಜೊತೆ ಎರಡು ಭಾಗದ ಪ್ರಮಾಣಪತ್ರ ಬೇಕು. ಒಂದು ಭಾಗಕ್ಕೆ ಯಂತ್ರದ ಹೊಣೆ ಹೊತ್ತವರು, ಅಂದರೆ ನೀವು, ಸಹಿ ಹಾಕಬೇಕು. ಇನ್ನೊಂದಕ್ಕೆ ತಜ್ಞರು. ಫೈಲಿನ ಹ್ಯಾಷ್ ಸಂಖ್ಯೆಯೂ ಅದರಲ್ಲಿರುತ್ತದೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ, ಹಾಗಾಗಿ ತಿದ್ದಿದರೆ ಸಿಕ್ಕಿಬೀಳುತ್ತದೆ. ಪೊಲೀಸರು ಮಹಜರಿಗೆ ಬಂದಾಗ ಇದನ್ನು ನೀವೇ ಕೇಳಿ ಮಾಡಿಸಿ.

ದೃಶ್ಯವನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ 'ಇವಳೇ ಕಳ್ಳಿ, ಶೇರ್ ಮಾಡಿ' ಎನ್ನಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ಮಾಡಿದ್ದ ಚಿತ್ರವೊಂದನ್ನು ಯಾರೋ ಕತ್ತರಿಸಿ, ಮಕ್ಕಳ ಕಳವಿನ ನಿಜವಾದ ಸಿಸಿಟಿವಿ ದೃಶ್ಯವೆಂಬಂತೆ ಹಂಚಿದರು. ಮಕ್ಕಳ ಕಳ್ಳರೆಂಬ ಆ ವದಂತಿಯ ಕಾಲದಲ್ಲೇ 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನೂ ತಪ್ಪು ಮಾಡದವರನ್ನು ಜನ ಹೊಡೆದು ಕೊಂದರು. ನಿಮ್ಮ ಅಂಗಡಿಯ ದೃಶ್ಯ ಠಾಣೆಗೆ ಹೋಗಲಿ, ಬೀದಿಗೆ ಬೇಡ.

ಕೊನೆಯದಾಗಿ ಒಟ್ಟಾಗಿ ಮಾಡಬೇಕಾದ ಕೆಲಸ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದಾಗ ಟೋಪಿ, ಮಾಸ್ಕ್ ಹಾಕಿದವನ ಜಾಡು ಹಿಡಿಯಲು ಕೆಫೆಯ ಕ್ಯಾಮೆರಾ ಒಂದೇ ಸಾಲಲಿಲ್ಲ. ಬಸ್ಸಿನ ಕ್ಯಾಮೆರಾ, ದಾರಿಯುದ್ದದ ಕ್ಯಾಮೆರಾಗಳ ದೃಶ್ಯಗಳನ್ನು ಒಂದಕ್ಕೊಂದು ಜೋಡಿಸಿದರು. ಏಪ್ರಿಲ್ 12ರಂದು ಪಶ್ಚಿಮ ಬಂಗಾಳದಲ್ಲಿ ಆರೋಪಿಗಳು ಸಿಕ್ಕರು. ನಮ್ಮ ಗಲ್ಲಿಗಳಲ್ಲಿ ಹತ್ತು ಅಂಗಡಿಯವರು ಹತ್ತು ಕ್ಯಾಮೆರಾಗಳನ್ನು ಒಂದೇ ರಸ್ತೆಗೆ ತಿರುಗಿಸಿಕೊಂಡಿರುತ್ತಾರೆ, ಗಲ್ಲಿಯ ಎರಡು ತುದಿಗಳಿಗೆ ಒಂದೂ ಇರುವುದಿಲ್ಲ. ವರ್ತಕರ ಸಂಘದಿಂದ ಖರ್ಚು ಹಂಚಿಕೊಂಡು ತುದಿಗೆ ಎರಡು ಒಳ್ಳೆಯ ಕ್ಯಾಮೆರಾ ಹಾಕಿಸಿ. ಎದುರು ಮನೆಯ ಕಿಟಕಿಗಳ ಕಡೆ ತಿರುಗದಂತೆ ನೋಡಿಕೊಳ್ಳಿ. ಎಲ್ಲ ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸುವ ಹಾಗೆ ತಿಂಗಳಿಗೊಮ್ಮೆ ಸರಿಮಾಡುವ ಜವಾಬ್ದಾರಿ ಒಬ್ಬರದ್ದಾಗಲಿ.

ಈ ಪತ್ರ ಓದಿದ ಕೂಡಲೇ ಯಾರೂ ಹೊಸದಾಗಿ ಏನೂ ಕೊಳ್ಳಬೇಡಿ. ಇವತ್ತು ಶಟರ್ ಎಳೆಯುವ ಮುಂಚೆ, ಈಗಿರುವ ಡಿವಿಆರ್‌ನಲ್ಲಿ ಹದಿನೈದು ದಿನದ ಹಿಂದಿನ ಯಾವುದಾದರೂ ಒಂದು ಸಂಜೆಯ ರೆಕಾರ್ಡಿಂಗ್ ತೆಗೆದು, ಬಾಗಿಲಿನಿಂದ ಹೊರಗೆ ಹೋದ ಒಬ್ಬರ ಮುಖ ಗುರುತು ಸಿಗುತ್ತದೆಯೇ ನೋಡಿ. ಸಿಕ್ಕರೆ ನಿಮಗೆ ಕೂರಿಸಿಕೊಟ್ಟವರು ಒಳ್ಳೆಯ ಕೆಲಸ ಮಾಡಿದ್ದಾರೆ, ಅವರನ್ನೇ ಇಟ್ಟುಕೊಳ್ಳಿ. ಸಿಗದಿದ್ದರೆ ನಾಳೆ ಬೆಳಿಗ್ಗೆಯೇ ಅವರನ್ನು ಕರೆಸಿ ಸರಿಮಾಡಿಸಿಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿ,
ಕ್ಯಾಮೆರಾ ಕೂರಿಸುವ ಕೆಲಸದವನು
ದಾವಣಗೆರೆ